ಲೇ ಲೈನ್ ನಿಜವೇ? ಸ್ಟೋನ್‌ಹೆಂಜ್, ಏವ್‌ಬರಿ, ಗ್ಲಾಸ್ಟನ್‌ಬರಿಗೆ ಹೊರಟವರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕೆಲಸದಲ್ಲಿದ್ದೇನೆ. ಜೂನ್‌ನಲ್ಲಿ ಅಪ್ಪ, ಅಮ್ಮ ಊರಿಂದ ಬರುತ್ತಿದ್ದಾರೆ. ಅಪ್ಪನಿಗೆ ಹಳೇ ಜಾಗಗಳೆಂದರೆ ಪ್ರಾಣ. ಸ್ಟೋನ್‌ಹೆಂಜ್, ಏವ್‌ಬರಿ, ಗ್ಲಾಸ್ಟನ್‌ಬರಿ ತೋರಿಸೋಣ ಅಂತಿದ್ದೇನೆ. ಈ ಜಾಗಗಳೆಲ್ಲ ‘ಲೇ ಲೈನ್’ ಎಂಬ ನೇರ ಗೆರೆಗಳ ಮೇಲಿವೆ, ಅವುಗಳಲ್ಲಿ ಭೂಮಿಯ ಶಕ್ತಿ ಹರಿಯುತ್ತದೆ, ತಾಮ್ರದ ಕಡ್ಡಿ ಹಿಡಿದು ನಡೆದರೆ ಗೊತ್ತಾಗುತ್ತದೆ ಎಂದು ನನ್ನ ಆಫೀಸಿನವರೊಬ್ಬರು ಹೇಳಿದರು. ಅದನ್ನು ಅಪ್ಪನಿಗೆ ಹೇಳಿದೆ. ಅವರು ಕೂಡಲೇ ಕೇದಾರದಿಂದ ರಾಮೇಶ್ವರದವರೆಗೆ ಶಿವನ ದೇವಸ್ಥಾನಗಳೆಲ್ಲ ಒಂದೇ ರೇಖಾಂಶದ ಮೇಲಿವೆ ಎನ್ನುವ ವಾಟ್ಸಾಪ್ ಮೆಸೇಜ್ ಕಳಿಸಿದರು. ಇದರಲ್ಲಿ ನಿಜ ಎಷ್ಟು? ಈ ಜಾಗಗಳನ್ನು ಹೇಗೆ ನೋಡಿದರೆ ಒಳ್ಳೆಯದು?

ಉತ್ತರ: ನೇರವಾಗಿಯೇ ಹೇಳುತ್ತೇನೆ. ಶಕ್ತಿ ಹರಿಯುವ ಗೆರೆಗಳಿಗೆ ಇದುವರೆಗೆ ಯಾವ ಪುರಾವೆಯೂ ಸಿಕ್ಕಿಲ್ಲ. ಮ್ಯಾಪಿನ ಮೇಲೆ ಸ್ಕೇಲ್ ಇಟ್ಟಾಗ ಸಾಲಾಗಿ ಸಿಗುವ ಜಾಗಗಳಲ್ಲಿ ಹೆಚ್ಚಿನವು ಆಕಸ್ಮಿಕವಾಗಿ ಕೂಡಿಬಂದವು. ಹಾಗಂತ ಎಲ್ಲ ಗೆರೆಯೂ ಸುಳ್ಳಲ್ಲ. ಸುಮಾರು 5000 ವರ್ಷದ ಹಿಂದೆ ಅಲ್ಲಿನ ಜನ ಬೇಕೆಂದೇ ಕಟ್ಟಿದ ನೇರ ಸಾಲುಗಳಿವೆ. ಅವು ಇವತ್ತಿಗೂ ಕಣ್ಣಿಗೆ ಕಾಣುತ್ತವೆ, ಅವುಗಳ ಪಕ್ಕ ನಡೆದಾಡಬಹುದು. ಇಷ್ಟು ದೂರ ಬರುವ ನಿಮ್ಮ ತಂದೆಯವರು ಅವನ್ನು ನೋಡದೆ ಮ್ಯಾಪಿನ ಗೆರೆಗಳನ್ನಷ್ಟೇ ಹುಡುಕಿಕೊಂಡು ಹೋದರೆ ತುಂಬಾ ನಷ್ಟ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ಮೊದಲು ಈ ಮಾತು ಎಲ್ಲಿಂದ ಹುಟ್ಟಿತು ನೋಡೋಣ. ವೇಲ್ಸ್ ಗಡಿಯ ಹತ್ತಿರ ಹೆರೆಫರ್ಡ್ ಎಂಬ ಊರಿದೆ. ಅಲ್ಲಿ ಆಲ್ಫ್ರೆಡ್ ವಾಟ್ಕಿನ್ಸ್ (1855–1935) ಎಂಬ ವ್ಯಾಪಾರಿ ಇದ್ದರು. ಒಳ್ಳೆಯ ಫೋಟೋಗ್ರಾಫರ್ ಕೂಡ. ಫೋಟೋ ತೆಗೆಯುವಾಗ ಬೆಳಕು ಅಳೆಯುವ ಒಂದು ಪುಟ್ಟ ಮೀಟರ್ ಕಂಡುಹಿಡಿದು ಮಾರಾಟಕ್ಕೂ ತಂದಿದ್ದರು. 1921ರ ಜೂನ್ 30ರಂದು ಬ್ಲಾಕ್‌ವರ್ಡೈನ್ ಎಂಬಲ್ಲಿ ಮ್ಯಾಪ್ ನೋಡುತ್ತಿದ್ದಾಗ ಹಳೇ ಕೋಟೆ, ಸಮಾಧಿ ದಿಬ್ಬ, ಚರ್ಚು, ನಿಲ್ಲಿಸಿದ ಕಲ್ಲು ಎಲ್ಲ ಒಂದೇ ಗೆರೆಯಲ್ಲಿ ಕೂರುವುದು ಅವರಿಗೆ ಹೊಳೆಯಿತು. ಮುಂದೆ 1925ರಲ್ಲಿ ಅದನ್ನೇ ದೊಡ್ಡ ಪುಸ್ತಕ ಮಾಡಿದರು. ಅವರ ವಾದ ಸರಳವಾಗಿತ್ತು. ಹಿಂದಿನ ಕಾಲದಲ್ಲಿ ಉಪ್ಪು ಮತ್ತಿತರ ಸರಕು ಸಾಗಿಸುವವರು ಒಂದು ಗುಡ್ಡದ ತುದಿಯಿಂದ ಇನ್ನೊಂದು ಗುಡ್ಡದ ತುದಿಗೆ ಗುರಿ ಹಿಡಿದು ನೇರ ದಾರಿ ಹಾಕಿದರು. ದಾರಿಯುದ್ದಕ್ಕೂ ಗುರುತಿನ ಕಲ್ಲು, ದಿಬ್ಬಗಳನ್ನು ಇಟ್ಟರು. ಆ ಗುರುತಿನ ಜಾಗಗಳಲ್ಲೇ ಮುಂದೆ ಚರ್ಚುಗಳು ಬಂದವು.

ಇಲ್ಲಿ ಒಂದು ವಿಷಯ ಗಮನಿಸಿ. ವಾಟ್ಕಿನ್ಸ್ ಶಕ್ತಿಯ ಮಾತೇ ಆಡಿರಲಿಲ್ಲ. ಅವರ ಪಾಲಿಗೆ ಲೇ ಎಂದರೆ ದಾರಿ, ಅಷ್ಟೇ. ಅವರ ಕಾಲದ ಪುರಾತತ್ವದವರು ಆ ಮಾತನ್ನೂ ಒಪ್ಪಲಿಲ್ಲ. ‘ಆಂಟಿಕ್ವಿಟಿ’ ಪತ್ರಿಕೆಯ ಸಂಪಾದಕ ಕ್ರಾಫರ್ಡ್ ಆ ಪುಸ್ತಕದ ಜಾಹೀರಾತನ್ನೂ ಹಾಕಲು ಒಪ್ಪಲಿಲ್ಲ. ಇದು ಅತಿಯಾಯಿತು ಅಂತ ನನಗೆ ಅನ್ನಿಸುತ್ತದೆ. ವಾಟ್ಕಿನ್ಸ್ ಮೋಸಗಾರರಾಗಿರಲಿಲ್ಲ. ತಮ್ಮ ಸೀಮೆಯ ಒಂದೊಂದು ದಿಬ್ಬ, ಒಂದೊಂದು ಕಲ್ಲನ್ನೂ ಕಾಲ್ನಡಿಗೆಯಲ್ಲಿ ಹೋಗಿ ನೋಡಿದವರು. ಎಷ್ಟೋ ಸಾಮಾನ್ಯ ಜನ ಮ್ಯಾಪ್ ಹಿಡಿದು ಬಯಲಿಗೆ ಇಳಿದದ್ದು ಅವರಿಂದಲೇ.

ಹಾಗಾದರೆ ಅವರ ಲೆಕ್ಕ ತಪ್ಪಿದ್ದೆಲ್ಲಿ? ನೀವು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಉದ್ದ 20 ಕಿಲೋಮೀಟರ್, ಅಗಲ 20 ಕಿಲೋಮೀಟರ್ ಇರುವ ಒಂದು ಚೌಕ ತಗೊಳ್ಳಿ. ಅಂದರೆ 400 ಚದರ ಕಿಲೋಮೀಟರ್. ಅದರಲ್ಲಿ ಹಳೇ ಚರ್ಚು, ದಿಬ್ಬ, ಕಲ್ಲು, ಕೋಟೆ ಎಲ್ಲ ಸೇರಿ 100 ಜಾಗ ಇದೆ ಅಂದುಕೊಳ್ಳಿ. ದಕ್ಷಿಣ ಇಂಗ್ಲೆಂಡಿನಲ್ಲಿ ಇದು ದೊಡ್ಡ ಸಂಖ್ಯೆಯೇ ಅಲ್ಲ. ನೂರು ಜಾಗಗಳಲ್ಲಿ ಎರಡೆರಡನ್ನು ಜೋಡಿಸಿದರೆ 4950 ಗೆರೆ ಎಳೆಯಬಹುದು. ಒಂದೊಂದು ಗೆರೆಯ ಎರಡೂ ಪಕ್ಕ 50 ಮೀಟರ್ ವಿನಾಯಿತಿ ಕೊಡಿ. 1:50,000 ಅಳತೆಯ ಮ್ಯಾಪಿನಲ್ಲಿ ಅದು ಒಂದು ಮಿಲಿಮೀಟರ್, ಪೆನ್ಸಿಲ್ ಮೊನೆಯಷ್ಟು ದೂರ. ಆಗ ಪ್ರತಿ ಗೆರೆಯೂ 20 ಕಿಲೋಮೀಟರ್ ಉದ್ದ, 100 ಮೀಟರ್ ಅಗಲದ ಪಟ್ಟಿಯಾಗುತ್ತದೆ. ಅದರ ವಿಸ್ತೀರ್ಣ 2 ಚದರ ಕಿಲೋಮೀಟರ್, ಅಂದರೆ ಇಡೀ ಚೌಕದ ಇನ್ನೂರರಲ್ಲಿ ಒಂದು ಪಾಲು. ಉಳಿದ 98 ಜಾಗಗಳನ್ನು ಕಣ್ಣುಮುಚ್ಚಿ ಎರಚಿದರೂ ಸರಾಸರಿ ಎರಡು ಪಟ್ಟಿಗೆ ಒಂದು ಜಾಗ ಬೀಳುತ್ತದೆ. ಒಂದೇ ಗೆರೆಯನ್ನು ಮತ್ತೆ ಮತ್ತೆ ಎಣಿಸದಂತೆ ನೋಡಿಕೊಂಡರೂ ಮೂರು ಜಾಗ ಸಾಲಾಗಿ ಸಿಗುವ ಗೆರೆಗಳು ನೂರಾರು! ನಾಲ್ಕು ಜಾಗ ಸಾಲಾಗಿರುವವೂ ಹತ್ತಾರು. ಯಾರೂ ಬೇಕೆಂದು ಮಾಡಿದ್ದಲ್ಲ. ಬರೀ ಎಣಿಕೆಯ ಆಟ.

ಮೂರು ಜಾಗ ಸಾಲದು, ಕನಿಷ್ಠ ನಾಲ್ಕು ಬೇಕು ಎಂದು ವಾಟ್ಕಿನ್ಸ್ ಕೂಡ ಹೇಳುತ್ತಿದ್ದರು. ಆದರೆ ನಾಲ್ಕೂ ಇಷ್ಟು ಸುಲಭವಾಗಿ ಸಿಗುತ್ತವೆ ಅಂತ ಅವರು ಎಣಿಸಿರಲಿಲ್ಲ. 2010ರಲ್ಲಿ ಮ್ಯಾಟ್ ಪಾರ್ಕರ್ ಎಂಬ ಗಣಿತಜ್ಞ ಇದನ್ನು ಇನ್ನೂ ಚೆನ್ನಾಗಿ ತೋರಿಸಿದರು. ಬಾಗಿಲು ಮುಚ್ಚಿದ ವೂಲ್ವರ್ತ್ಸ್ ಅಂಗಡಿಗಳ 800 ವಿಳಾಸ ತಗೊಂಡು ಹುಡುಕಿದಾಗ ಅವುಗಳಲ್ಲೂ ಅಚ್ಚುಕಟ್ಟಾದ ನೇರ ಗೆರೆಗಳು, ತ್ರಿಕೋನಗಳು ಸಿಕ್ಕವು. ಬೇಡದ ಅಂಗಡಿಗಳನ್ನು ಲೆಕ್ಕದಿಂದ ಬಿಟ್ಟರೆ ಸಾಕಾಯಿತು. ನೀವು ಸಾಫ್ಟ್‌ವೇರ್ ಬಲ್ಲವರಾದರೆ ನೂರು ಬಿಂದುಗಳನ್ನು ಮನಬಂದಂತೆ ಎರಚುವ ಸಣ್ಣ ಪ್ರೋಗ್ರಾಮ್ ಬರೆದು ನೋಡಿ. ಅಪ್ಪನ ಜೊತೆ ಕೂತು ಮಾಡಿ. ಅವರಿಗೆ ಖಂಡಿತ ಇಷ್ಟವಾಗುತ್ತದೆ.

ಈಗ ಒಂದು ಗೆರೆಯನ್ನು ಹತ್ತಿರದಿಂದ ನೋಡೋಣ. ಲೇ ಲೈನ್ ನಂಬುವವರು ಮೊದಲು ತೋರಿಸುವುದು ಇದನ್ನೇ. ಉತ್ತರದಲ್ಲಿ ಸ್ಟೋನ್‌ಹೆಂಜ್. ಅಲ್ಲಿಂದ ಹತ್ತು ಕಿಲೋಮೀಟರ್ ಹತ್ತಿರ ದಕ್ಷಿಣಕ್ಕೆ ಓಲ್ಡ್ ಸ್ಯಾರಮ್ ಕೋಟೆ. ಇನ್ನು ಮೂರು ಕಿಲೋಮೀಟರ್ ಹೋದರೆ ಸಾಲ್ಸ್‌ಬರಿ ಕೆಥೆಡ್ರಲ್. ಅದರಾಚೆ ಕ್ಲಿಯರ್‌ಬರಿ ರಿಂಗ್ ಎಂಬ ಗುಡ್ಡದ ಕೋಟೆ. ಮ್ಯಾಪಿನಲ್ಲಿ ಸ್ಕೇಲ್ ಇಟ್ಟರೆ ನಿಜವಾಗಿಯೂ ಸಾಲಾಗಿ ಬರುತ್ತವೆ. ನೋಡಿದರೆ ಯಾರಿಗಾದರೂ ಅಬ್ಬಾ ಅನ್ನಿಸುತ್ತದೆ.

ಆದರೆ ಇವುಗಳ ವಯಸ್ಸು ಕೇಳಿ. ಸ್ಟೋನ್‌ಹೆಂಜ್ ಶುರುವಾದದ್ದು ಕ್ರಿ.ಪೂ. 3000ದ ಸುಮಾರಿಗೆ. ಓಲ್ಡ್ ಸ್ಯಾರಮ್ ಕಬ್ಬಿಣ ಯುಗದ ಕೋಟೆ, ಅಂದರೆ ಎರಡು ಸಾವಿರಕ್ಕೂ ಜಾಸ್ತಿ ವರ್ಷ ಆಮೇಲಿನದು. ಕೆಥೆಡ್ರಲ್‌ಗೆ ಅಡಿಗಲ್ಲು ಬಿದ್ದದ್ದು ಕ್ರಿ.ಶ. 1220ರಲ್ಲಿ. ಅಲ್ಲೇ ಯಾಕೆ ಕಟ್ಟಿದರು ಎಂಬುದೂ ಗೊತ್ತಿದೆ. ಅದಕ್ಕೆ ಮುಂಚಿನ ಕೆಥೆಡ್ರಲ್ ಓಲ್ಡ್ ಸ್ಯಾರಮ್ ಗುಡ್ಡದ ಮೇಲೆ ಕೋಟೆಯೊಳಗೇ ಇತ್ತು. ಅಲ್ಲಿ ನೀರಿಗೆ ಕಷ್ಟ, ಗಾಳಿಯ ಹೊಡೆತ, ಕೋಟೆಯ ಸೈನಿಕರ ಜೊತೆ ದಿನಾ ಜಗಳ. ಬಿಷಪ್ ರಿಚರ್ಡ್ ಪೂರ್ ಬೇಸತ್ತು ಕೆಳಗಿನ ನದಿ ಬಯಲಿಗೆ ಇಳಿದರು. ಊರವರು ಮಾತ್ರ ಬಿಲ್ಲುಗಾರನೊಬ್ಬ ಗುಡ್ಡದಿಂದ ಬಿಟ್ಟ ಬಾಣ ಬಿದ್ದ ಕಡೆ ಕಟ್ಟಿದರು ಎಂದು ಕಥೆ ಹೇಳುತ್ತಾರೆ.

ಇನ್ನೊಂದು ವಿಷಯ. ಓಲ್ಡ್ ಸ್ಯಾರಮ್‌ನ ಹೊರ ಸುತ್ತು ಸುಮಾರು 400 ಮೀಟರ್ ಅಗಲ. ಗೆರೆ ಅದರ ಯಾವ ಮೂಲೆಯಲ್ಲಿ ಹಾದರೂ ‘ಮುಟ್ಟಿತು’ ಎಂದೇ ಲೆಕ್ಕ. ಜೊತೆಗೆ ಏವನ್ ನದಿ ಅಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಜನ ಎಲ್ಲ ಕಾಲದಲ್ಲೂ ನದಿಯ ಆಸುಪಾಸಿನಲ್ಲೇ ನೆಲೆಸಿದ್ದಾರೆ. ಹಾಗಾಗಿ ಉತ್ತರ-ದಕ್ಷಿಣ ಗೆರೆ ಎಳೆದರೆ ಒಂದಷ್ಟು ಮುಖ್ಯ ಜಾಗಗಳು ಸಿಗಲೇಬೇಕು ಅಲ್ವಾ?

ಗ್ಲಾಸ್ಟನ್‌ಬರಿಯಲ್ಲಿ ನಿಮಗೆ ಕೇಳಿಬರುವುದು ಸೇಂಟ್ ಮೈಕಲ್ ಲೈನ್. ಜಾನ್ ಮಿಶೆಲ್ ಎಂಬ ಲೇಖಕ 1969ರಲ್ಲಿ ಇದನ್ನು ಜನಪ್ರಿಯ ಮಾಡಿದರು. ಕಾರ್ನ್‌ವಾಲ್‌ನ ಕಡಲ ನಡುವೆ ಇರುವ ಸೇಂಟ್ ಮೈಕಲ್ಸ್ ಮೌಂಟ್‌ನಿಂದ ಶುರುವಾಗಿ ಬರೋ ಮಂಪ್ ಗುಡ್ಡ, ಗ್ಲಾಸ್ಟನ್‌ಬರಿಯ ಟೋರ್ ಎಂಬ ಗುಡ್ಡ, ಏವ್‌ಬರಿ ದಾಟಿ ಪೂರ್ವದಲ್ಲಿ ಬರಿ ಸೇಂಟ್ ಎಡ್ಮಂಡ್ಸ್ ಕಡೆಗೆ ಹೋಗುತ್ತದೆ ಎನ್ನುತ್ತಾರೆ. ಗುಡ್ಡಗಳ ಮೇಲೆ ಸಾಲು ಸಾಲು ಮೈಕಲ್ ಚರ್ಚುಗಳು ಇರುವುದು ನಿಜ. ಕಾರಣ ಎರಡು. ಕ್ರೈಸ್ತರಲ್ಲಿ ದೇವದೂತ ಮೈಕಲ್‌ಗೂ ಎತ್ತರದ ಜಾಗಕ್ಕೂ ಹಳೇ ನಂಟು. ಗೆರೆಯ ಹೊರಗೂ ಇಂಥ ಗುಡ್ಡಗಳು ಬೇಕಾದಷ್ಟಿವೆ. ಎರಡನೆಯದನ್ನು ಮ್ಯಾಪ್ ತೆರೆದರೆ ನೀವೇ ಕಾಣುತ್ತೀರಿ. ಇಂಗ್ಲೆಂಡಿನ ನೈಋತ್ಯದ ಭೂಭಾಗವೇ ಬಾಲದ ಹಾಗೆ ಅದೇ ದಿಕ್ಕಿನಲ್ಲಿ ಚಾಚಿಕೊಂಡಿದೆ. ಆ ದಿಕ್ಕಿನಲ್ಲಿ ಎಳೆದ ಗೆರೆ ಪೂರ್ತಿ ನೆಲದ ಮೇಲೇ ಹೋಗುತ್ತದೆ. ಬೇರೆ ದಿಕ್ಕಿನ ಗೆರೆಗಳು ಬೇಗನೆ ಸಮುದ್ರಕ್ಕೆ ಬೀಳುತ್ತವೆ. ನೂರಾರು ಕಿಲೋಮೀಟರ್ ನೆಲ ಸಿಕ್ಕಿದ ಗೆರೆಗೆ ಜಾಗಗಳೂ ಜಾಸ್ತಿ ಸಿಕ್ಕವು.

ನಿಮ್ಮ ತಂದೆಯವರ ಮೆಸೇಜಿಗೂ ಇದೇ ತಕ್ಕಡಿ ಹಿಡಿಯಿರಿ. ಕೇದಾರ ಮತ್ತು ತಿರುವಣ್ಣಾಮಲೈ ಎರಡೂ 79.07 ಡಿಗ್ರಿಯ ಹತ್ತಿರ ಇವೆ, ಅದು ಸರಿ. ಕಾಳಹಸ್ತಿ, ಕಂಚಿ, ಚಿದಂಬರ ಮೂರೂ 79.7ರ ಹತ್ತಿರ. ತಿರುಚಿಯ ತಿರುವಾನೈಕಾವಲ್ 78.7. ಅಂದರೆ ಕಾಳಹಸ್ತಿಗೂ ತಿರುವಾನೈಕಾವಲ್‌ಗೂ ಪೂರ್ವ-ಪಶ್ಚಿಮವಾಗಿ ನೂರು ಕಿಲೋಮೀಟರಿಗೂ ಜಾಸ್ತಿ ಅಂತರ. ಅಷ್ಟು ಅಗಲವಿದ್ದರೆ ಅದನ್ನು ಗೆರೆ ಅನ್ನಲಾಗದು. ಆ ಕ್ಷೇತ್ರಗಳ ಮಹಿಮೆಗೂ ರೇಖಾಂಶಕ್ಕೂ ಸಂಬಂಧವಿಲ್ಲ ಅಂತ ಅಪ್ಪನಿಗೆ ಪ್ರೀತಿಯಿಂದ ಹೇಳಿ. ಚಿದಂಬರಕ್ಕೆ ಹೋಗುವ ಭಕ್ತರು ಡಿಗ್ರಿ ನೋಡಿಕೊಂಡು ಹೋದವರಲ್ಲ.

ಇನ್ನು ಶಕ್ತಿಯ ವಿಷಯ. ಇದು ಬಂದದ್ದು ಮುಖ್ಯವಾಗಿ 1960ರ ದಶಕದಲ್ಲಿ. ಟೋನಿ ವೆಡ್ ಎಂಬ ಮಾಜಿ ವಾಯುಪಡೆ ಪೈಲಟ್ 1961ರಲ್ಲಿ ಹಾರುವ ತಟ್ಟೆಗಳು ಈ ಗೆರೆಗಳನ್ನು ಹಿಡಿದು ಓಡಾಡುತ್ತವೆ ಎಂದು ಬರೆದರು. ಮಿಶೆಲ್ ಅದಕ್ಕೆ ಚೀನಾದ ಫೆಂಗ್‌ಶುಯಿ ಬೆರೆಸಿದರು. ವಾಟ್ಕಿನ್ಸ್ ಹೇಳಿದ ಉಪ್ಪಿನ ದಾರಿ ಅಲ್ಲಿಗೆ ಶಕ್ತಿಯ ನಾಡಿಯಾಯಿತು.

ಇದನ್ನು ಅಳೆದು ನೋಡೋಣ ಎಂದು ಹೊರಟವರೂ ಇದ್ದರು. ಅವರ ಮೇಲೆ ನನಗೆ ಗೌರವ ಇದೆ. ಪಾಲ್ ಡೆವರೂ ಎಂಬುವರು 1977ರಲ್ಲಿ ‘ಡ್ರ್ಯಾಗನ್ ಪ್ರಾಜೆಕ್ಟ್’ ಶುರು ಮಾಡಿದರು. ಆಕ್ಸ್‌ಫರ್ಡ್‌ಶೈರ್ ಗಡಿಯಲ್ಲಿರುವ ರೋಲ್‌ರೈಟ್ ಕಲ್ಲುಗಳ ಹತ್ತಿರ ವರ್ಷಗಟ್ಟಲೆ ಅಲ್ಟ್ರಾಸೌಂಡ್, ಕಾಂತತೆ, ವಿಕಿರಣ ಅಳೆದರು. ಅಲ್ಲಲ್ಲಿ ಕೆಲವು ವಿಚಿತ್ರ ಅಂಕಿಗಳು ಸಿಕ್ಕವು. ಆದರೆ ಶಕ್ತಿ ಗೆರೆಯಾಗಿ ಹರಿಯುತ್ತದೆ ಅನ್ನುವುದಕ್ಕೆ ಏನೂ ಸಿಗಲಿಲ್ಲ. ಕೊನೆಗೆ ಡೆವರೂ ಅವರೇ ಆ ಮಾತನ್ನು ಕೈಬಿಟ್ಟು, ಹಳೇ ಜಾಗಗಳ ಧ್ವನಿಯ ಕಡೆ ತಿರುಗಿದರು. ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳಲ್ಲಿ ತಟ್ಟಿದರೆ ಗಂಟೆಯ ಹಾಗೆ ಮೊಳಗುವ ಬಂಡೆಗಳಿವೆ. ಅವನ್ನು ದಾಖಲು ಮಾಡಿದರು. ಸ್ಟೋನ್‌ಹೆಂಜ್‌ನ ನೀಲಿಗಲ್ಲುಗಳು ಬಂದದ್ದು ಅದೇ ಬೆಟ್ಟಗಳಿಂದ. ಒಂದು ಮಾತು ಸೇರಿಸಬೇಕು. ಕಾರ್ನ್‌ವಾಲ್‌ನ ಕಲ್ಲುಕಟ್ಟಡಗಳ ಒಳಗೆ ವಿಕಿರಣ ಅಳೆಯುವ ಗೈಗರ್ ಕೌಂಟರ್ ಜಾಸ್ತಿ ಟಿಕ್ ಟಿಕ್ ಅಂದರೆ ಬೆರಗಾಗಬೇಡಿ. ಅಲ್ಲಿನ ಗ್ರಾನೈಟ್‌ನಲ್ಲಿ ಸ್ವಲ್ಪ ಯುರೇನಿಯಂ ಇರುತ್ತದೆ. ಅಲ್ಲಿನ ಗ್ರಾನೈಟ್ ಮನೆಗಳಲ್ಲೂ ಹಾಗೇ.

ತಾಮ್ರದ ಕಡ್ಡಿ ಅಂದಿರಲ್ಲ, ನಮ್ಮಲ್ಲೂ ಬೋರ್‌ವೆಲ್ ಪಾಯಿಂಟ್ ನೋಡುವವರು ಕವೆಕಡ್ಡಿ ಹಿಡಿದೋ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ ಹೊಲ ಸುತ್ತುತ್ತಾರೆ. ಕಡ್ಡಿ ತಿರುಗುವುದು ಸುಳ್ಳಲ್ಲ, ಹಿಡಿದವರು ನಾಟಕವನ್ನೂ ಆಡುತ್ತಿರುವುದಿಲ್ಲ. ಮನಸ್ಸಿನಲ್ಲಿ ಎದುರುನೋಡುತ್ತಿರುವುದಕ್ಕೆ ತಕ್ಕಂತೆ ಕೈಯ ಸ್ನಾಯು ತನಗೇ ತಿಳಿಯದ ಹಾಗೆ ಅಲುಗುತ್ತದೆ. ಇದನ್ನು ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದರು. ಕಡ್ಡಿ ತೂಗುವ ಹಾಗೆ ಹಿಡಿದಾಗ ಎಳ್ಳಷ್ಟು ಅಲುಗಾಟವೂ ದೊಡ್ಡದಾಗಿ ಕಾಣುತ್ತದೆ. ಏವ್‌ಬರಿಯಲ್ಲಿ ಇದನ್ನು ಪರೀಕ್ಷೆ ಮಾಡಬೇಕಾ? ಮೊದಲು ಅಪ್ಪ ಒಬ್ಬರೇ ನಡೆಯಲಿ. ಕಡ್ಡಿ ತಿರುಗಿದ ಕಡೆಯನ್ನು ಫೋನಿನಲ್ಲಿ ಗುರುತು ಮಾಡಿಕೊಳ್ಳಲಿ, ನಿಮಗೆ ತೋರಿಸದಿರಲಿ. ಆಮೇಲೆ ನೀವು ನಡೆಯಿರಿ, ಆಮೇಲೆ ಅಮ್ಮ. ಸಂಜೆ ಮೂರೂ ಗುರುತುಗಳನ್ನು ಮ್ಯಾಪಿನ ಮೇಲೆ ಒಟ್ಟಿಗೆ ಇಟ್ಟು ನೋಡಿ. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಮಾಡಬೇಕು, ಅದೇ ಮುಖ್ಯ. ಗೆರೆ ನೆಲದಲ್ಲಿದ್ದರೆ ಮೂವರಿಗೂ ಒಂದೇ ಕಡೆ ಸಿಗಬೇಕು.

ಸರಿ, ನಿಜವಾದ ಗೆರೆ ಹೇಗಿರುತ್ತದೆ? ನಾನು ಮೂರು ವಿಷಯ ನೋಡುತ್ತೇನೆ. ಸಾಲಿನಲ್ಲಿರುವವು ಒಂದೇ ಕಾಲದವಾ? ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಅಥವಾ ಸೂರ್ಯ ಕಾಣುತ್ತಾನಾ? ನಡುವಿನ ನೆಲದಲ್ಲಿ ಕಾಲುವೆ, ಒಡ್ಡು, ಕಲ್ಲಿನ ಕುಳಿ ಏನಾದರೂ ಸಿಕ್ಕಿದೆಯಾ? ಮೂರಕ್ಕೂ ಹೌದು ಅನ್ನುವ ಜಾಗಗಳು ಬ್ರಿಟನ್‌ನಲ್ಲಿ ಕಮ್ಮಿ ಇಲ್ಲ. ಡಾರ್ಟ್‌ಮೂರ್‌ನ ಕಲ್ಲುಸಾಲುಗಳಿವೆ, ಡಾರ್ಸೆಟ್‌ನಲ್ಲಿ ಹತ್ತು ಕಿಲೋಮೀಟರ್ ಉದ್ದದ ಕರ್ಸಸ್ ಇದೆ, ಅಂದರೆ ಅಕ್ಕಪಕ್ಕ ಒಡ್ಡು, ಕಾಲುವೆ ಇರುವ ಉದ್ದನೆಯ ಪಟ್ಟಿ. ನಮ್ಮ ಹೊಸನಗರ ತಾಲ್ಲೂಕಿನ ಬೈಸೆ, ನಿಲಸ್ಕಲ್‌ನಲ್ಲಿ ನಿಂತಿರುವ ದೊಡ್ಡ ಕಲ್ಲುಗಳನ್ನು ಅಳೆದವರು, ಅವುಗಳಲ್ಲಿ ಹಲವು ಜೋಡಿಗಳು ವರ್ಷದ ಅತಿ ದೊಡ್ಡ ಮತ್ತು ಅತಿ ಚಿಕ್ಕ ಹಗಲಿನ ಸೂರ್ಯೋದಯ, ಸೂರ್ಯಾಸ್ತದ ದಿಕ್ಕಿಗೆ ಹೊಂದುತ್ತವೆ ಎಂದು ತೋರಿಸಿದ್ದಾರೆ. ಅಪ್ಪನಿಗೆ ಆ ಜಾಗಗಳ ಹೆಸರೂ ಹೇಳಿ. ಊರಿಗೆ ವಾಪಸ್ಸಾದ ಮೇಲೆ ನೋಡಿ ಬರಬಹುದು.

ಸ್ಟೋನ್‌ಹೆಂಜ್‌ನಲ್ಲಿ ಎಲ್ಲರೂ ಕಲ್ಲು ನೋಡುತ್ತಾರೆ. ನೀವು ನೆಲವನ್ನೂ ನೋಡಿ. ಹೀಲ್ ಸ್ಟೋನ್ ಎಂಬ ಒಂಟಿ ಕಲ್ಲಿನ ಕಡೆಯಿಂದ ಈಶಾನ್ಯಕ್ಕೆ ಎರಡು ತಗ್ಗು ಒಡ್ಡುಗಳ ನಡುವೆ ಒಂದು ಹಾದಿ ಹೋಗುತ್ತದೆ. ಅದಕ್ಕೆ ಅವೆನ್ಯೂ ಅನ್ನುತ್ತಾರೆ. ಹುಲ್ಲಿನಲ್ಲಿ ಉಬ್ಬುತಗ್ಗು ಅಷ್ಟೇ ಕಾಣುವುದು, ಸಂಜೆಯ ಓರೆ ಬಿಸಿಲಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಬೇಸಿಗೆಯ ಅತಿ ದೊಡ್ಡ ಹಗಲಿನಂದು ಸೂರ್ಯ ಹುಟ್ಟುವ ದಿಕ್ಕು ಅದು. ಅದರ ನೇರ ಎದುರು ದಿಕ್ಕಿನಲ್ಲಿ ಚಳಿಗಾಲದ ಅತಿ ಚಿಕ್ಕ ಹಗಲಿನ ಸೂರ್ಯ ಮುಳುಗುತ್ತಾನೆ. 2008ರಲ್ಲಿ ಪುರಾತತ್ವಜ್ಞ ಮೈಕ್ ಪಾರ್ಕರ್ ಪಿಯರ್ಸನ್ ಅವರ ತಂಡ ಆ ಹಾದಿಯನ್ನು ಅಗೆದಾಗ ಒಂದು ಆಶ್ಚರ್ಯ ಕಾದಿತ್ತು. ಮನುಷ್ಯರು ತೋಡಿದ ಕಾಲುವೆಗಳ ನಡುವೆ, ಹಿಮಯುಗದಲ್ಲಿ ಸುಣ್ಣಕಲ್ಲಿನ ನೆಲದಲ್ಲಿ ತಾನಾಗಿಯೇ ಆದ ಉದ್ದನೆಯ ಏಣುಗಳೂ ಗೀರುಗಳೂ ಇದ್ದವು. ಅವು ಆಕಸ್ಮಿಕವಾಗಿ ಸೂರ್ಯನ ಅದೇ ದಿಕ್ಕಿಗೆ ಇದ್ದವು. ಮೊದಲು ಅಲ್ಲಿ ನಡೆದಾಡಿದ ಜನ ನೆಲವೇ ಸೂರ್ಯನ ಕಡೆ ಕೈ ತೋರಿಸುವುದನ್ನು ಕಂಡಿರಬೇಕು, ಅದಕ್ಕೇ ಆ ಜಾಗ ಆರಿಸಿದರು ಎಂಬುದು ಪಿಯರ್ಸನ್ ಅವರ ವಿವರಣೆ. ನನಗೆ ಇದು ಒಪ್ಪಿಗೆಯಾಗುತ್ತದೆ. ಭೂಮಿಯ ರಹಸ್ಯ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಗೀರುಗಳ ಕಥೆಯನ್ನೇ.

ಹತ್ತಿರದ ಡರಿಂಗ್‌ಟನ್ ವಾಲ್ಸ್‌ನಲ್ಲಿ ಕಲ್ಲು ನಿಲ್ಲಿಸಿದ ಕಾಲದ ಜನರ ವಸತಿ ಸಿಕ್ಕಿದೆ. ಅಲ್ಲಿ ತಿಂದು ಬಿಸಾಕಿದ ಹಂದಿಗಳ ಹಲ್ಲು ನೋಡಿದರೆ ಬಹಳಷ್ಟು ಹಂದಿಗಳು ಒಂಬತ್ತು ತಿಂಗಳ ಪ್ರಾಯದವು. ವಸಂತದಲ್ಲಿ ಹುಟ್ಟಿದ ಮರಿ ಒಂಬತ್ತು ತಿಂಗಳಾಗುವುದು ಚಳಿಗಾಲದ ನಡುವಿಗೆ. ಹಾಗಾಗಿ ದೊಡ್ಡ ಊಟ ನಡೆಯುತ್ತಿದ್ದುದು ಡಿಸೆಂಬರ್‌ನಲ್ಲಿ ಎಂದು ಅಂದಾಜು. ಈಗಿನವರು ಸೇರುವುದು ಮಾತ್ರ ಜೂನ್‌ನಲ್ಲಿ. ಜೂನ್ 20ರ ರಾತ್ರಿಯಿಂದ ಬೆಳಗಿನವರೆಗೆ ಕಲ್ಲುಗಳ ನಡುವೆ ಹೋಗಲು ಉಚಿತವಾಗಿ ಬಿಡುತ್ತಾರೆ, ಆದರೆ ಸಾವಿರಾರು ಜನ. ವಯಸ್ಸಾದವರನ್ನು ಕರೆದುಕೊಂಡು ಹೋಗಲು ಒಳ್ಳೆಯ ದಿನವಲ್ಲ. ಬೇರೆ ದಿನ ಹಗ್ಗದ ಆಚೆಯಿಂದ ನೋಡಬೇಕು. ಒಳಗೇ ಹೋಗಬೇಕೆಂದರೆ ಬೆಳಗ್ಗೆ ಅಥವಾ ಸಂಜೆಯ ವಿಶೇಷ ಟಿಕೆಟ್ ಮೊದಲೇ ಬುಕ್ ಮಾಡಿ.

ನಡುವೆ ಬಿದ್ದಿರುವ ಆಲ್ಟರ್ ಸ್ಟೋನ್ ಕಡೆಗೂ ಒಂದು ಸಲ ಕಣ್ಣು ಹಾಯಿಸಿ. ಬಿದ್ದ ಕಲ್ಲುಗಳ ಅಡಿಯಲ್ಲಿ ಅರ್ಧ ಮುಚ್ಚಿಹೋಗಿದೆ. ಆರು ಟನ್ ತೂಕ. ಅದೂ ವೇಲ್ಸ್‌ನದೇ ಎಂದು ಬಹಳ ಕಾಲ ತಿಳಿದಿದ್ದರು. 2024ರಲ್ಲಿ ಅದರ ಖನಿಜ ಕಣಗಳ ವಯಸ್ಸು ಪರೀಕ್ಷೆ ಮಾಡಿದಾಗ ಈಶಾನ್ಯ ಸ್ಕಾಟ್‌ಲೆಂಡಿನ ಕಲ್ಲು ಎಂದು ಗೊತ್ತಾಯಿತು. ಕನಿಷ್ಠ 700 ಕಿಲೋಮೀಟರ್! ಚಕ್ರದ ಗಾಡಿ ಇಲ್ಲದ ಕಾಲ. ದೋಣಿಯಲ್ಲಿ ತಂದರಾ, ನೆಲದ ಮೇಲೆ ಎಳೆದರಾ ಎಂದು ವಿದ್ವಾಂಸರು ಇನ್ನೂ ವಾದ ಮಾಡುತ್ತಿದ್ದಾರೆ.

ಏವ್‌ಬರಿಗೆ ಒಂದು ಪೂರ್ತಿ ದಿನ ಇಡಿ. ಮೂರರಲ್ಲಿ ನನಗೆ ಅತಿ ಪ್ರೀತಿಯ ಜಾಗ ಇದು. ಕಲ್ಲುವೃತ್ತದ ಒಳಗೇ ಒಂದು ಹಳ್ಳಿ ಇದೆ. ಟಿಕೆಟ್ ಇಲ್ಲದೆ ಕಲ್ಲುಗಳ ನಡುವೆ ಓಡಾಡಬಹುದು, ಮುಟ್ಟಬಹುದು. ಸುತ್ತಲೂ ಕುರಿಗಳು ಮೇಯುತ್ತಿರುತ್ತವೆ. ಇಲ್ಲಿನ ಕಥೆಯಲ್ಲಿ ವಿಲಿಯಂ ಸ್ಟೂಕ್ಲಿ ಎಂಬ ವೈದ್ಯರು ಬರುತ್ತಾರೆ. 1720ರ ಸುಮಾರಿಗೆ ರೈತರು ಕಲ್ಲಿನ ಸುತ್ತ ಬೆಂಕಿ ಹಾಕಿ, ಕಾದ ಮೇಲೆ ತಣ್ಣೀರು ಸುರಿದು ಒಡೆಯುತ್ತಿದ್ದರು. ಸ್ಟೂಕ್ಲಿ ಪಕ್ಕದಲ್ಲಿ ನಿಂತು ಉಳಿದಷ್ಟನ್ನೂ ಅಳೆದು, ಚಿತ್ರ ಬರೆದು ಇಟ್ಟರು. ಆಮೇಲೆ ಪಾದ್ರಿಯಾದರು. 1743ರ ಪುಸ್ತಕದಲ್ಲಿ ಏವ್‌ಬರಿ ಪೂರ್ತಿ ಒಂದು ಮಹಾಸರ್ಪ, ವೃತ್ತ ಅದರ ನಡು, ಎರಡು ಕಲ್ಲುಸಾಲುಗಳು ಅದರ ತಲೆ ಮತ್ತು ಬಾಲ ಎಂದು ಬರೆದರು. ಸರ್ಪವನ್ನು ಯಾರೂ ನಂಬಲಿಲ್ಲ. ಅದರ ಜೊತೆಗೆ ಅವರು ಹೇಳಿದ ಪಶ್ಚಿಮದ ಬೆಕ್‌ಹ್ಯಾಂಪ್ಟನ್ ಕಲ್ಲುಸಾಲನ್ನೂ ಎಷ್ಟೋ ಜನ ನಂಬಲಿಲ್ಲ. ಎರಡೇ ಕಲ್ಲು ಉಳಿದಿದ್ದವು. 1999ರಲ್ಲಿ ಅಗೆದಾಗ ಸಾಲಿನ ಕಲ್ಲುಕುಳಿಗಳು, ಹೂತಿಟ್ಟ ಕಲ್ಲುಗಳು ಸಿಕ್ಕವು. ಅವರ ಸರ್ಪ ಕಲ್ಪನೆಯಾಗಿತ್ತು, ಅಳತೆ ಸರಿಯಾಗಿತ್ತು. ಲೇ ಲೈನ್ ಬಗ್ಗೆ ಬರೆದವರನ್ನು ಓದುವಾಗಲೂ ನಾನು ಹೀಗೇ ಕಣ್ಣಾರೆ ಕಂಡದ್ದನ್ನು ಒಂದು ಕಡೆ, ಅದಕ್ಕೆ ಕೊಟ್ಟ ಅರ್ಥವನ್ನು ಇನ್ನೊಂದು ಕಡೆ ಇಟ್ಟು ಓದುತ್ತೇನೆ.

ಹಳ್ಳಿಯಿಂದ ವೆಸ್ಟ್ ಕೆನೆಟ್ ಅವೆನ್ಯೂ ಎಂಬ ಜೋಡಿ ಕಲ್ಲುಸಾಲಿನ ಪಕ್ಕ ನಡೆಯಿರಿ. ಅದು ಹಗ್ಗ ಹಿಡಿದ ಹಾಗೆ ನೇರವಾಗಿಲ್ಲ, ನೆಲದ ಏರಿಳಿತ ನೋಡಿಕೊಂಡು ಬಾಗುತ್ತದೆ. ಅಲ್ಲಿಂದ ಸಿಲ್‌ಬರಿ ಹಿಲ್ ಕಾಣುತ್ತದೆಯೇ ಎಂದು ನೋಡುತ್ತಾ ಹೋಗಿ. ಯೂರೋಪಿನಲ್ಲಿ ಇತಿಹಾಸಪೂರ್ವ ಜನ ಕಟ್ಟಿದ ಅತಿ ದೊಡ್ಡ ದಿಬ್ಬ ಅದು. ಹತ್ತಲು ಬಿಡುವುದಿಲ್ಲ, 1776ರಲ್ಲಿ ನಿಧಿ ಆಸೆಗೆ ತುದಿಯಿಂದ ತೋಡಿದ ಬಾವಿ 2000ದಲ್ಲಿ ಕುಸಿದು, ದಿಬ್ಬಕ್ಕೇ ಅಪಾಯ ಬಂದಿತ್ತು. ವೆಸ್ಟ್ ಕೆನೆಟ್ ಸಮಾಧಿಯ ಒಳಗೆ ಮಾತ್ರ ಹೋಗಬಹುದು. ಸ್ಟೋನ್‌ಹೆಂಜ್‌ಗಿಂತಲೂ ಹಳೆಯದು. ಒಳಗೆ ಅಮ್ಮನಿಗೆ ದೀಪ ಹಚ್ಚೋಣ, ಕಲ್ಲಿಗೆ ಕುಂಕುಮ ಇಡೋಣ ಅನ್ನಿಸಬಹುದು. ದಯವಿಟ್ಟು ಬೇಡ ಅನ್ನಿ. ಬೇರೆಯವರು ಇಟ್ಟ ಮೇಣದಬತ್ತಿಯ ಮಸಿ, ಮೇಣ ಆ ಕಲ್ಲುಗಳಿಗೆ ಈಗಾಗಲೇ ಹಾನಿ ಮಾಡಿದೆ. ಕೈ ಮುಗಿದರೆ ಸಾಕು.

ಮ್ಯಾಪ್ ಬಗ್ಗೆ ಒಂದು ಮಾತು. ಬ್ರಿಟನ್ನಿನ ಸರ್ಕಾರಿ ಮ್ಯಾಪ್ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ 1:25,000 ಅಳತೆಯ ಎಕ್ಸ್‌ಪ್ಲೋರರ್ ಮ್ಯಾಪ್ ಕೊಂಡುಕೊಳ್ಳಿ. ಏವ್‌ಬರಿಗೆ 157, ಸ್ಟೋನ್‌ಹೆಂಜ್‌ಗೆ 130. ಹಳೇ ಜಾಗಗಳ ಹೆಸರುಗಳನ್ನು ಬಳ್ಳಿಬಳ್ಳಿಯಾದ ಗೋಥಿಕ್ ಅಕ್ಷರದಲ್ಲಿ ಹಾಕಿರುತ್ತಾರೆ. ಹಸಿರು ಚುಕ್ಕೆಗೆರೆ ಇರುವ ಕಡೆ ಯಾರು ಬೇಕಾದರೂ ನಡೆಯಬಹುದು, ಹೊಲ ಖಾಸಗಿಯಾದರೂ ಸರಿ. ಲೇ ಹುಡುಕುತ್ತಾ ಆ ಹಾದಿ ಬಿಟ್ಟು ಬೇಲಿ ಹಾರಬೇಡಿ.

ಗ್ಲಾಸ್ಟನ್‌ಬರಿ ಟೋರ್ 158 ಮೀಟರ್ ಎತ್ತರ. ಮೆಟ್ಟಿಲ ದಾರಿ ಕಡಿದಾಗಿದೆ, ನಿಧಾನವಾಗಿ ಹತ್ತಿಸಿ. ತುದಿಯಲ್ಲಿ ಉಳಿದಿರುವುದು ಮೈಕಲ್ ಚರ್ಚಿನ ಗೋಪುರ ಮಾತ್ರ. ಅದಕ್ಕೂ ಹಿಂದಿನ ಚರ್ಚು 1275ರ ಭೂಕಂಪದಲ್ಲಿ ಬಿತ್ತು. ಕೆಳಗೆ ಚಾಲಿಸ್ ವೆಲ್ ಎಂಬ ಚಿಲುಮೆಯ ನೀರು ಕಬ್ಬಿಣದ ಅಂಶದಿಂದ ಕಲ್ಲನ್ನೆಲ್ಲ ಕೆಂಪು ಮಾಡಿದೆ. ನೆರಳಿದೆ, ಕೂರಲು ಜಾಗವಿದೆ, ಅಮ್ಮನಿಗೆ ಹಿಡಿಸುತ್ತದೆ.

ಅದೇ ದಿನ ಮಧ್ಯಾಹ್ನ ಅಲ್ಲಿಂದ ಕೆಲವೇ ಮೈಲಿ ದೂರದ ಶಾಪ್‌ವಿಕ್ ಹೀತ್‌ಗೆ ಹೋಗಿ. ವಾಟ್ಕಿನ್ಸ್ ಹುಡುಕುತ್ತಿದ್ದಂಥ ಹಳೇ ನೇರ ದಾರಿ ಇರುವುದು ಅಲ್ಲಿ. 1970ರಲ್ಲಿ ರೇ ಸ್ವೀಟ್ ಎಂಬ ಕೆಲಸಗಾರರು ಜೌಗಿನಲ್ಲಿ ಪೀಟ್ (ಕೊಳೆತ ಗಿಡಗಳಿಂದಾದ ಕಪ್ಪು ಮಣ್ಣು) ಅಗೆಯುವಾಗ ಮರದ ಹಲಗೆ ಸಿಕ್ಕಿತು. ನೆಲದಲ್ಲಿ ಗೂಟಗಳನ್ನು ಕತ್ತರಿಯಾಕಾರ ನೆಟ್ಟು, ಅದರ ಸಂದಿನಲ್ಲಿ ಓಕ್ ಹಲಗೆ ಕೂರಿಸಿ, ಜೌಗಿನ ನೀರಿನ ಮೇಲೆ ಒಬ್ಬರು ನಡೆಯುವಷ್ಟು ಅಗಲದ ಕಾಲುಸೇತುವೆ ಮಾಡಿದ್ದರು. ಎರಡು ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ ಉದ್ದ, ಒಂದು ಒಣ ದಿಣ್ಣೆಯಿಂದ ಇನ್ನೊಂದು ಒಣ ದಿಣ್ಣೆಗೆ. ಮರದ ಬಳೆಗಳನ್ನು ಎಣಿಸಿ ಹಲಗೆ ಕಡಿದ ಕಾಲವನ್ನು ಕ್ರಿ.ಪೂ. 3807–3806ರ ಚಳಿಗಾಲಕ್ಕೆ ಇಳಿಸಿದ್ದಾರೆ. ಪಕ್ಕದಲ್ಲೇ ಆಲ್ಪ್ಸ್ ಪರ್ವತದಿಂದ ಬಂದ ಹಸಿರು ಜೇಡ್ ಕಲ್ಲಿನ ಕೊಡಲಿ ಸಿಕ್ಕಿತು, ಒಂದು ಸಲವೂ ಬಳಸದ್ದು. ಕೈ ಜಾರಿ ಬಿತ್ತೋ, ನೀರಿಗೆ ಹರಕೆಯಾಗಿ ಹಾಕಿದರೋ ಯಾರಿಗೂ ತಿಳಿಯದು. ನಿಜವಾದ ಹಲಗೆಗಳಲ್ಲಿ ಹಲವು ಈಗಲೂ ಪೀಟ್ ಅಡಿಯಲ್ಲೇ ಇವೆ. ಒಣಗಿದರೆ ಹಾಳಾಗುತ್ತವೆ ಎಂದು ನೀರು ಹಾಯಿಸಿ ಕಾಪಾಡುತ್ತಿದ್ದಾರೆ. ಮೇಲೆ ಅದೇ ಜಾಡಿನಲ್ಲಿ ನಡೆಯಲು ದಾರಿ ಇದೆ, ಹೊಸದಾಗಿ ಮಾಡಿಟ್ಟ ಒಂದು ತುಂಡನ್ನೂ ನೋಡಬಹುದು. ನೆಲ ಜೂನ್‌ನಲ್ಲೂ ಒದ್ದೆಯೇ. ಅಪ್ಪ, ಅಮ್ಮ ಇಬ್ಬರಿಗೂ ಚಪ್ಪಲಿ ಬಿಟ್ಟು ಗಟ್ಟಿ ಶೂ ಹಾಕಿಸಿಕೊಂಡು ಹೋಗಿ.